ಸೊನ್ನೆಗೆ ಬಾರದ ಮುಳ್ಳು

ಅಕ್ಕಲಕೋಟದ ಗುಜರಿ ಸಾಲಿನಾಗ
ಕಡೀ ಅಂಗಡಿ ನನ್ನದು.
ಬೋರ್ಡಿನ ಮ್ಯಾಲೆ ಮರಾಠಿ, ಉದ್ರಿ ವಹಿಯೊಳಗ ಕನ್ನಡ.
ಒತ್ತಡ ಅಳಿಯೋ ಮೀಟರ್ ರಿಪೇರಿ ಮಾಡತೀನಿ:
ಬಾಯ್ಲರಿಂದು, ಪಂಕ್ಚರ್ ಅಂಗಡಿದು,
ಒಮ್ಮೊಮ್ಮೆ ಆಸ್ಪತ್ರಿ ಸಿಲಿಂಡರಿಂದು.

ನಿನ್ನೆ ರಜಾಕಸಾಬ ಒಂದು ಗೋಣಿಚೀಲ ಸುರುವಿ ಹೋದ.
ಸಮುದ್ರದಾಚೆ ಮುಚ್ಚಿದ ಯಾವುದೋ ಕರೆಂಟಿನ ಕಾರಖಾನಿದಂತ,
ಕಿಲೋದ ಲೆಕ್ಕದಾಗ ತಂದಾನ.
ಹಿತ್ತಾಳಿ ಚಲೋ ಐತಿ. ಗಾಜು ಒಡೆದಿಲ್ಲ.
ಊರಿನ ಹೆಸರು ಓದಾಕ ಬರಲಿಲ್ಲ,
ಅಕ್ಷರದ ನೆತ್ತಿ ಮ್ಯಾಲೆ ಎರಡೆರಡು ಚುಕ್ಕಿ,
ಒಗ್ಗರಣಿ ಸಾಸಿವಿ ಸಿಡಿದಂಗ.

ಒಂದರ ಮುಳ್ಳು ಮಾತ್ರ ಸೊನ್ನೆಗೆ ಬರವಲ್ದು.
ಉಗಿ ಇಲ್ಲ, ಬೆಂಕಿ ಆರಿ ಎಷ್ಟು ವರ್ಷಾತೋ,
ಆದರೂ ಮೂವತ್ತರ ಮ್ಯಾಲೆ ನಿಂತೈತಿ,
ಖಾಲಿ ಮನಿಗೂ ಬಾಡಿಗಿ ಎಣಿಸೋ ಮಾಲಕನಂಗ.

ಮಗಳು ಮಹಾನಂದಾ ಪಾಲಿಟೆಕ್ನಿಕ್ಕಿನಾಗ ಎರಡನೇ ವರ್ಷ.
ಮೊಬೈಲಿನಾಗ ನಕ್ಷಾ ತೆಗೆದು ಮೂಗಿನ ಮುಂದ ಹಿಡಿದಳು.
ಶ್ರೀಮಂತ ದೇಶಗಳ ಗೆರಿ.
ಕರೀದು ಕಲ್ಲಿದ್ದಲಿಂದು: ದಿಬ್ಬ ಏರಿ,
ತುದಿಯಾಗ ಕುಂತು ದಣಿವಾರಿಸಿಕೊಂಡು
ಈಚೆ ಇಳಿಜಾರಕ್ಕ ಬಿದ್ದೈತಿ.
"ನೋಡಪ್ಪಾ, ಒಂದೊಂದಽ ಮುಚ್ಚಾಕತ್ತಾರ"
ಅಂದಳು, ತಾನಽ ಹೋಗಿ ಕೀಲಿ ಹಾಕಿ ಬಂದಂಗ.
ಮತ್ತ ಈ ಕೆಂಪಂದು ಏರತೈತಲ್ಲವ್ವಾ?
"ಅದು ಗ್ಯಾಸು."
ಅದೂ ಉರಿಯೋದಽ ಹೌದಲ್ಲ?
"ಹೊಗಿ ಕಡಿಮಿ."
ಸೆರೆ ಬಿಟ್ಟಾವ ಸಿಂದಿ ಹಿಡಿದರ
ಮನ್ಯಾಗ ಹಿಂಗಽ ಹೇಳತಿದ್ದ, ನಮ್ಮ ಕಾಕಾ.

"ಇದು ಸುಟ್ಟದ್ದರ ಲೆಕ್ಕ ಅಲ್ಲಪ್ಪಾ, ಸಾಮರ್ಥ್ಯದ್ದು.
ಎಷ್ಟು ಸುಡಬಹುದು ಅನ್ನೋದು."
ಸುಡಬಹುದು ಅನ್ನೂದಕ್ಕೂ ಒಂದು ಲೆಕ್ಕ!
ಗಾಳಿ ಬೀಸದ, ಬಿಸಿಲು ಕಾಣದ ಒಂದು ಚಳಿಗಾಲದ ರಾತ್ರಿಗಂತ
ಎಣ್ಣಿ ಹಚ್ಚಿ ನಿಲ್ಲಿಸಿರತಾರಂತ ಕೆಲವನ್ನ.
ನಿಂತದ್ದಕ್ಕೂ ಪಗಾರಂತ.

ನಗು ಬಂತು. ನಮ್ಮ ಅಟ್ಟದ ಮ್ಯಾಲೆ ಕುಳ್ಳಿನ ರಾಶಿ ಹಂಗಽ ಐತಿ,
ಸಿಲಿಂಡರ್ ಬಂದು ಹನ್ನೆರಡು ವರ್ಷ.
ತಗಿ ಅಂದಾಗೆಲ್ಲಾ ನನ್ನ ಹೆಂಡತಿ "ಇರಲಿ" ಅಂತಾಳ.
ಆ ಎರಡು ಚುಕ್ಕಿಯ ಭಾಷೆದಾಗೂ
"ಇರಲಿ" ಅನ್ನೋ ಶಬ್ದ ಇದ್ದಽ ಇರಬೇಕು.

ಕರೆಂಟು ಹೋತು. ಮಾಳಿಗಿ ಹತ್ತಿದೆ.
ದೂರ ಸೊಲ್ಲಾಪುರದ ದಿಕ್ಕಿಗೆ
ಚಿಮಣಿ ತುದಿಯ ಕೆಂಪು ದೀಪ ಕಣ್ಣು ಮಿಟಕಸತಿತ್ತು.
ನಮ್ಮ ಊರು ಕತ್ತಲು, ಅದಕ್ಕ ಮಾತ್ರ ಎಚ್ಚರ.
ಅದರ ಬುಡದಾಗ ಈ ಹೊತ್ತು
ರಾತ್ರಿ ಪಾಳಿಯ ಮಗ್ಗಗಳು ಖಟಖಟಾ ಅಂತಿರತಾವು,
ತಂಗಿ ಬೌರವ್ವ ಟಾವೆಲ್ಲಿಗೆ ಲೇಬಲ್ ಹೊಲಿತಿರತಾಳ.
ಡಾಗು ಬಿದ್ದ ಮಾಲು ತಂದು ಕೊಡತಾಳ ನನಗ, ಒರಸಾಕ.

ಕರೆಂಟು ಬಂದ ಮ್ಯಾಲೆ
ಅಂಥದೊಂದು ಟಾವೆಲ್ಲಿಲೆ ಗಾಜು ಒರಸಿದೆ.
ಕಾಡಿಗಿಯಂಥ ಮಸಿ ಬಂತು.
ಮಡಚುವಾಗ ತುದಿಯ ಲೇಬಲ್ಲು ಕಣ್ಣಿಗೆ ಬಿತ್ತು:
ಅದಽ ಎರಡು ಚುಕ್ಕಿ.
ಎಡಗೈಯಾಗ ಅದು, ಬಲಗೈಯಾಗ ಇದು,
ಎಷ್ಟೋ ಹೊತ್ತು ಹಂಗಽ ಕುಂತಿದ್ದೆ.
ಮಹಾನಂದಾನ್ನ ಕರೀಲಿಲ್ಲ. ಆಕೀಗೆ ಪರೀಕ್ಷಾ ಇತ್ತು.

ಮೀಟರಿನ ಬೆನ್ನು ಬಿಚ್ಚಿದೆ.
ಒಳಗ ಕುಡಗೋಲಿನಂಗ ಬಾಗಿದ ಹಿತ್ತಾಳಿ ಕೊಳವಿ.
ಬಹಳ ವರ್ಷ ಒತ್ತಡ ತಿಂದರ
ಅದು ತನ್ನ ಮೊದಲಿನ ಬಾಗು ಮರೀತೈತಿ,
ಒತ್ತಡ ಹೋದ ಮ್ಯಾಲೂ ತಿರುಗಿ ಬರೂದಿಲ್ಲ.
ಮುಳ್ಳು ಕಿತ್ತು ಸೊನ್ನೆಗೆ ಕೂಡಿಸೂದು
ಎರಡು ನಿಮಿಷದ ಕೆಲಸ. ಯಾರಿಗೂ ತಿಳಿಯೂದಿಲ್ಲ.

ನಾಳೆ ಬಣ್ಣದ ಭಟ್ಟಿಯವರು ಒಯ್ಯತಾರ,
ಅವರ ಬಾಯ್ಲರಿಗೆ ಬೇಕಂತ.
ಮುಳ್ಳು ಇದ್ದಲ್ಲೇ ಬಿಟ್ಟೀನಿ.
ಗಾಜಿನ ಮ್ಯಾಲೆ ಚೀಟಿ ಹಚ್ಚೀನಿ, ಕನ್ನಡದಾಗೊಂದು, ಮರಾಠಿಯೊಳಗೊಂದು:
ಮೂವತ್ತು ಕಳೆದು ಓದಿಕೊಳ್ಳಿರಿ.